ಸಿಂಗಪುರದಲ್ಲಿ ಎಂಟು-ಹತ್ತು ಗಂಟೆ ಸಿಕ್ಕರೆ: ವಿಮಾನ ಬದಲಿಸುವ ನಡುವೆ ಊರು ನೋಡುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್ ಕಡೆಗೋ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೋ ಹೊರಟವರಲ್ಲಿ ಬಹಳಷ್ಟು ಜನ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ವಿಮಾನ ಬದಲಿಸುತ್ತಾರೆ. ನಡುವೆ ಎರಡು ಗಂಟೆ ಇದ್ದರೆ ಮಾತೇ ಇಲ್ಲ. ಎಂಟು, ಹತ್ತು, ಹದಿನಾಲ್ಕು ಗಂಟೆ ಇದ್ದರೂ ಹೆಚ್ಚಿನವರು ಕುರ್ಚಿಯಲ್ಲಿ ತೂಕಡಿಸುತ್ತ ಫೋನ್ ಚಾರ್ಜ್ ಮಾಡಿಕೊಂಡು ಕೂತುಬಿಡುತ್ತಾರೆ. ಇನ್ನು ಕೆಲವರು ಉತ್ಸಾಹದಲ್ಲಿ ಹೊರಗೆ ಹೋಗಿ ಸೆಂಟೋಸಾ ದ್ವೀಪ, ಮೃಗಾಲಯ, ಮರ್ಲಯನ್ ಮೂರ್ತಿ, ಮುಸ್ತಫಾ ಅಂಗಡಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿ, ಕೊನೆಗೆ ಏದುಸಿರು ಬಿಡುತ್ತ ಗೇಟಿಗೆ ಓಡಿ ಬರುತ್ತಾರೆ. ಒಂದು ನಿಲುಗಡೆಗೆ ಊರಿನ ಒಂದೇ ಭಾಗ, ಹೆಚ್ಚೆಂದರೆ ಎರಡು. ಈ ಮಾರ್ಗದರ್ಶಿ ನಿಂತಿರುವುದು ಆ ಲೆಕ್ಕದ ಮೇಲೆ.

ಮೊದಲು ಕಳೆಯುವ ಲೆಕ್ಕ

ಟಿಕೆಟ್ಟಿನಲ್ಲಿ ಕಾಣುವ ಗಂಟೆಗಳಷ್ಟೂ ನಿಮ್ಮವಲ್ಲ. ವಿಮಾನ ನೆಲ ಮುಟ್ಟಿದ ಮೇಲೆ ಇಳಿದು, ನಡೆದು, ಇಮಿಗ್ರೇಷನ್ ದಾಟಿ, ಬ್ಯಾಗ್ ಇಡಿಸಿ ಹೊರಬರಲು ಒಂದು ಗಂಟೆ. ಮೆಟ್ರೊದಲ್ಲಿ ಊರಿನ ನಡುಭಾಗಕ್ಕೆ ಮುಕ್ಕಾಲರಿಂದ ಒಂದು ಗಂಟೆ, ವಾಪಸಿಗೂ ಅಷ್ಟೇ. ಮುಂದಿನ ವಿಮಾನಕ್ಕೆ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಒಟ್ಟು ನಾಲ್ಕೂವರೆಯಿಂದ ಐದು ಗಂಟೆ. ಐದು ಎಂದೇ ಹಿಡಿಯಿರಿ. ಬೆಳಿಗ್ಗೆ 6ಕ್ಕೆ ಇಳಿದು ಸಂಜೆ 4ಕ್ಕೆ ಹೊರಡುವುದಾದರೆ ಕೈಯಲ್ಲಿ ಹತ್ತು ಗಂಟೆ ಇದ್ದಂತೆ ಕಾಣುತ್ತದೆ, ಊರಿಗೆ ಸಿಗುವುದು ಐದು.

ಆರು ಗಂಟೆಗಿಂತ ಕಡಿಮೆ ಇದ್ದರೆ ಸ್ವಂತವಾಗಿ ಊರೊಳಗೆ ಹೋಗಬೇಡಿ. ಏಳರಿಂದ ಒಂಬತ್ತು ಗಂಟೆ ಇದ್ದರೆ ಒಂದು ಭಾಗ. ಹತ್ತರಿಂದ ಹದಿನಾಲ್ಕಕ್ಕೆ ಎರಡು, ಅದೂ ಒಂದೇ ಮೆಟ್ರೊ ಮಾರ್ಗದಲ್ಲಿದ್ದರೆ. ಅದಕ್ಕೂ ಹೆಚ್ಚಿದ್ದರೆ ಮಲಗಲು ಜಾಗ ನೋಡಿಕೊಳ್ಳುವುದು ಮೊದಲ ಕೆಲಸ, ನೋಡುವ ಜಾಗ ಆಮೇಲೆ.

ಗಡಿಯಾರ ತಿರುಗಿಸಿಕೊಳ್ಳುವುದನ್ನು ಮರೆಯಬೇಡಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೊಬೈಲ್ ತಾನೇ ಬದಲಾಗುತ್ತದೆ, ಆದರೆ ಏರೋಪ್ಲೇನ್ ಮೋಡ್ ತೆಗೆಯದೆ ಓಡಾಡುವವರ ಫೋನಿನಲ್ಲಿ ಬೆಂಗಳೂರಿನ ಸಮಯವೇ ಉಳಿದಿರುತ್ತದೆ. ವಿಮಾನ ತಪ್ಪಿಸಿಕೊಳ್ಳಲು ಇಷ್ಟು ಸಾಕು.

ಟಿಕೆಟ್ ಮಾಡಿಸುವಾಗಲೇ ಆಗಬೇಕಾದ್ದು

ನಿಲುಗಡೆ ಚೆನ್ನಾಗಿ ಆಗುವುದೂ ಕೆಡುವುದೂ ಬುಕಿಂಗ್ ದಿನವೇ ತೀರ್ಮಾನವಾಗುತ್ತದೆ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ನಡುವಿನ ಅವಧಿ 24 ಗಂಟೆಯೊಳಗಿದ್ದರೆ, ದೊಡ್ಡ ಸೂಟ್‌ಕೇಸ್ ಸಾಮಾನ್ಯವಾಗಿ ಬೆಂಗಳೂರಿನಿಂದ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಚೆಕ್-ಇನ್ ಕೌಂಟರಿನಲ್ಲಿ ಟ್ಯಾಗ್ ಅಂಟಿಸುವಾಗ ಅದರ ಮೇಲಿನ ಮೂರಕ್ಷರ ನೋಡಿ: ಸಿಡ್ನಿಗಾದರೆ ಎಸ್‌ವೈಡಿ ಎಂದಿರಬೇಕು. ಎಸ್‌ಐಎನ್ ಎಂದಿದ್ದರೆ ಪೆಟ್ಟಿಗೆ ಸಿಂಗಪುರದ ಬೆಲ್ಟಿಗೇ ಬರುತ್ತದೆ, ನೀವೇ ಎತ್ತಿಕೊಳ್ಳಬೇಕು. ಎರಡೂ ಬೋರ್ಡಿಂಗ್ ಪಾಸ್ ಬೆಂಗಳೂರಿನಲ್ಲೇ ಕೇಳಿ ತೆಗೆದುಕೊಳ್ಳಿ.

ಅಗ್ಗ ಎಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸುವವರು ಒಂದು ಮಾತು ತಿಳಿದಿರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಯಾರದೂ ಅಲ್ಲ, ನಿಮ್ಮದೇ. ಜೊತೆಗೆ ಸಾಮಾನು ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಲೇಬೇಕಾಗುತ್ತದೆ, ಅಂದರೆ ಪ್ರವೇಶದ ಅರ್ಹತೆ ಇರಲೇಬೇಕು.

24 ಗಂಟೆ ಮೀರಿದರೆ ವಿಮಾನ ಸಂಸ್ಥೆ ಅದನ್ನು ಸ್ಟಾಪ್‌ಓವರ್ ಎಂದು ಲೆಕ್ಕ ಹಾಕುತ್ತದೆ. ದರ ಬದಲಾಗಬಹುದು, ಸಾಮಾನೂ ಕೈಗೆ ಬರುತ್ತದೆ. ಬುಕಿಂಗ್ ಪುಟದಲ್ಲಿ 'ಮಲ್ಟಿ-ಸಿಟಿ' ಆರಿಸಿ ಬೆಂಗಳೂರು–ಸಿಂಗಪುರ, ಸಿಂಗಪುರ–ಸಿಡ್ನಿ ಎಂದು ದಿನಾಂಕ ಬೇರೆ ಕೊಟ್ಟು ಹುಡುಕಿ. ಕೆಲವು ದರ ವರ್ಗಗಳಲ್ಲಿ ಇದಕ್ಕೆ ಹೆಚ್ಚುವರಿ ಹಣ ಇರುವುದಿಲ್ಲ, ಕೆಲವದರಲ್ಲಿ ಇರುತ್ತದೆ. ಎರಡು ವರ್ಗಗಳ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ವೀಸಾ: ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಪುರ ಪ್ರವೇಶಿಸಲು ವೀಸಾ ಬೇಕು. ವಿಮಾನ ಬದಲಿಸಲು ಟ್ರಾನ್ಸಿಟ್ ವಲಯದಲ್ಲೇ, ಅಂದರೆ ಇಮಿಗ್ರೇಷನ್ ದಾಟದೆ ನಿಲ್ದಾಣದೊಳಗೇ, ಉಳಿಯುವುದಾದರೆ ಬೇಡ. ಆದರೆ ಭಾರತೀಯರಿಗೆ ಇನ್ನೊಂದು ದಾರಿ ಇದೆ, ಅದೇ 96 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ.

ಷರತ್ತುಗಳು ಹೀಗಿವೆ. ನೀವು ಮೂರನೆಯ ದೇಶಕ್ಕೆ ಹೋಗುತ್ತಿರಬೇಕು ಅಥವಾ ಅಲ್ಲಿಂದ ಬರುತ್ತಿರಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ ಮತ್ತೆ ಬೆಂಗಳೂರಿಗೇ ಬರುವವರಿಗೆ ಇದು ಅಲ್ಲ. 96 ಗಂಟೆಯೊಳಗೆ ಹೊರಡುವ ಖಚಿತ ಟಿಕೆಟ್ ಇರಬೇಕು. ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಜಪಾನ್, ನ್ಯೂಜಿಲೆಂಡ್, ಸ್ವಿಟ್ಜರ್ಲೆಂಡ್, ಬ್ರಿಟನ್, ಅಮೆರಿಕ ಈ ಎಂಟರಲ್ಲಿ ಒಂದು ದೇಶ ಕೊಟ್ಟ, ಕನಿಷ್ಠ ಒಂದು ತಿಂಗಳು ಬಾಕಿ ಇರುವ ವೀಸಾ ಅಥವಾ ದೀರ್ಘಾವಧಿ ವಾಸದ ಪರವಾನಗಿ ಇರಬೇಕು. ಒಂದೇ ಬಾರಿಯ ಪ್ರವೇಶದ ವೀಸಾ ಆಗಲೇ ಬಳಸಿ ಮುಗಿದಿದ್ದರೆ, ಆ ದೇಶದಿಂದ ನೇರವಾಗಿ ಸಿಂಗಪುರಕ್ಕೆ ಬಂದು ಮನೆಗೆ ಮರಳುವಾಗ ಮಾತ್ರ ಅದು ನಡೆಯುತ್ತದೆ.

ಜನ ಹೆಚ್ಚು ತಪ್ಪುವುದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ವಿಷಯದಲ್ಲಿ. ಫ್ರಾನ್ಸ್ ಅಥವಾ ಇಟಲಿ ಕೊಟ್ಟ ಷೆಂಗೆನ್ ವೀಸಾ ಇಲ್ಲಿ ಲೆಕ್ಕಕ್ಕಿಲ್ಲ. ಜರ್ಮನಿ ಅಥವಾ ಸ್ವಿಟ್ಜರ್ಲೆಂಡ್ ಕೊಟ್ಟಿದ್ದಿರಬೇಕು. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವುದಿಲ್ಲ, ಹಾಗಾಗಿ ಮಂಜೂರಾತಿ ಪತ್ರದ ಕಾಗದದ ಪ್ರತಿ ಕೈಯಲ್ಲಿರಲಿ. ಫೋನಿನ ಬ್ಯಾಟರಿ ಕೈಕೊಟ್ಟಾಗ ಕಾಗದವೇ ಗತಿ. ಇದು ಹಕ್ಕಲ್ಲ, ಕೊಡುವುದು ಬಿಡುವುದು ಅಲ್ಲಿನ ಅಧಿಕಾರಿಯ ವಿವೇಚನೆ ಎಂಬುದೂ ನೆನಪಿರಲಿ. ಈ ಪಟ್ಟಿ ಆಗಾಗ ಬದಲಾಗುವುದುಂಟು. ಸಿಂಗಪುರದ ವಲಸೆ ಪ್ರಾಧಿಕಾರ ಐಸಿಎ ತನ್ನ ಜಾಲತಾಣದಲ್ಲಿ ಪ್ರಕಟಿಸುವ ನಿಯಮವನ್ನು ಹೊರಡುವ ವಾರದಲ್ಲಿ ಒಮ್ಮೆ ಓದಿ.

ಈ ಸೌಲಭ್ಯಕ್ಕೆ ಅರ್ಹತೆ ಇಲ್ಲದವರು ಅಧಿಕೃತ ಏಜೆಂಟರ ಮೂಲಕ ಸಾಮಾನ್ಯ ವೀಸಾ ಮಾಡಿಸಬಹುದು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಹಣ ಬೇರೆ. ಇಲ್ಲಿಂದ ಮುಂದೆ ಡಾಲರ್ ಎಂದರೆ ಸಿಂಗಪುರ ಡಾಲರ್; ಒಂದಕ್ಕೆ ಸುಮಾರು 70 ರೂಪಾಯಿ ಹಿಡಿದುಕೊಳ್ಳಿ.

ಯಾವ ದಾರಿಯಲ್ಲಿ ಹೊರಗೆ ಹೋದರೂ ಎಸ್‌ಜಿ ಅರೈವಲ್ ಕಾರ್ಡ್ ತುಂಬಲೇಬೇಕು. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ, ಆನ್‌ಲೈನ್‌ನಲ್ಲಿ, ಪೂರ್ತಿ ಉಚಿತ. ಹಣ ಕೇಳುವ ಪುಟ ಬಂತೆಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಅಮೆರಿಕ ಅಥವಾ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಪಡೆದಿರುವ ನಮ್ಮವರಿಗೆ ವೀಸಾ ಬೇಡ, ಆದರೆ ಈ ಕಾರ್ಡ್ ಅವರಿಗೂ ಬೇಕು. ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತುವುದು ಈಗಿಲ್ಲ, ಎಷ್ಟು ಕಾಲ ಇರಬಹುದೆಂಬ ಇ-ಪಾಸ್ ಇಮೇಲಿಗೆ ಬರುತ್ತದೆ. ಹಾಗಾಗಿ ಕಾರ್ಡಿನಲ್ಲಿ ಇಮೇಲ್ ವಿಳಾಸ ಸರಿಯಾಗಿ ಬರೆಯಿರಿ. ವೀಸಾರಹಿತ ಸೌಲಭ್ಯದಲ್ಲಿ ಬರುವವರು ಸ್ವಯಂಚಾಲಿತ ಗೇಟುಗಳತ್ತ ಹೋಗುವ ಬದಲು ಅಧಿಕಾರಿ ಕೂತಿರುವ ಕೌಂಟರಿಗೆ ಹೋಗಿ ಮುಂದಿನ ಟಿಕೆಟ್ ಮತ್ತು ವೀಸಾ ತೋರಿಸುವುದು ಕ್ಷೇಮ.

ಬ್ಯಾಗಿನಲ್ಲಿ ಏನಿರಬಾರದು

ಕೈಚೀಲವನ್ನು ಒಮ್ಮೆ ಶೋಧಿಸಿ. ಗುಟ್ಕಾ, ಖೈನಿ, ಜರ್ದಾ ಸೇರಿ ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ. ಇ-ಸಿಗರೇಟ್ ನಿಷಿದ್ಧ, ಇತ್ತೀಚೆಗೆ ಶಿಕ್ಷೆಯನ್ನೂ ಬಿಗಿ ಮಾಡಿದ್ದಾರೆ. ಚೂಯಿಂಗ್ ಗಮ್ ತರುವಂತಿಲ್ಲ. ಸಿಗರೇಟಿಗೆ ಸುಂಕ ವಿನಾಯಿತಿ ಎಂಬುದೇ ಇಲ್ಲ, ಒಂದೇ ಒಂದು ಕಡ್ಡಿಗೂ ತೆರಿಗೆ ಕಟ್ಟಬೇಕು. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಪ್ಯಾಕ್ ಹಿಡಿದು ಕಸ್ಟಮ್ಸ್‌ನ ಹಸಿರು ದಾರಿಯಲ್ಲಿ (ತೆರಿಗೆ ಕಟ್ಟುವ ಸಾಮಾನು ಇಲ್ಲದವರ ದಾರಿ) ನಡೆದರೆ ದಂಡ. ನಿದ್ರೆ ಮಾತ್ರೆ, ಕೋಡಿನ್ ಇರುವ ಕೆಮ್ಮಿನ ಔಷಧಿಯಂಥವಕ್ಕೆ ಮುಂಚಿತ ಅನುಮತಿ ಬೇಕಾಗಬಹುದು. ಸೊಸೆಯ ಬಾಣಂತನಕ್ಕೆಂದು ಗಸಗಸೆ ಕಟ್ಟಿಕೊಂಡು ಹೊರಟ ಅಮ್ಮಂದಿರು ಅದನ್ನು ಮನೆಯಲ್ಲೇ ಬಿಡಬೇಕು. ಇಲ್ಲಿ ಅದು ಮಾದಕವಸ್ತು ನಿಗ್ರಹ ಇಲಾಖೆಯ ನಿಗಾದಲ್ಲಿರುವ ಪದಾರ್ಥ.

ಇರಬೇಕಾದದ್ದು: ಮಡಚುವ ಛತ್ರಿ, ಒಂದು ಜೊತೆ ಬಟ್ಟೆ, ಖಾಲಿ ನೀರಿನ ಬಾಟಲಿ, ಸುಲಭವಾಗಿ ಕಳಚುವ ಚಪ್ಪಲಿ, ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗಿಗೆ ಅಡಾಪ್ಟರ್. ವೋಲ್ಟೇಜ್ ನಮ್ಮದೇ, 230. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ.

ಇಳಿದ ಮೇಲೆ ಮೊದಲ ಒಂದು ಗಂಟೆ

ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ನಾಲ್ಕೂವರೆ ಗಂಟೆಯಲ್ಲಿ ತಲುಪಿಬಿಡುತ್ತದೆ. ಊಟ ಕೊಟ್ಟು ತಟ್ಟೆ ಎತ್ತುವಷ್ಟರಲ್ಲಿ ಇಳಿಯುವ ಘೋಷಣೆ. ಅಂದರೆ ಬೆಳಗಿನ ಆರಕ್ಕೆ ಇಳಿದವರು ನಿಜವಾಗಿ ಮಲಗಿರುವುದು ಎರಡೋ ಮೂರೋ ಗಂಟೆ. ಇಮಿಗ್ರೇಷನ್ನಿಗೆ ಹೋಗುವ ಮುನ್ನ ಟ್ರಾನ್ಸಿಟ್ ವಲಯದಲ್ಲೇ ಹಲ್ಲುಜ್ಜಿ, ಮುಖ ತೊಳೆದು, ಬಟ್ಟೆ ಬದಲಿಸಿ. ಹಣ ಕೊಟ್ಟು ಸ್ನಾನ ಮಾಡುವ ಜಾಗಗಳೂ ಇವೆ. ಸ್ನಾನಕ್ಕೆ ಕೊಟ್ಟ ಇಪ್ಪತ್ತು ನಿಮಿಷ ದಂಡವಲ್ಲ. ಊರಿನ ಸೆಕೆಗೆ ಹೊರಬಿದ್ದ ಮೇಲೆ ಗೊತ್ತಾಗುತ್ತದೆ.

ಬೋರ್ಡಿನಲ್ಲಿ ಮುಂದಿನ ವಿಮಾನದ ಟರ್ಮಿನಲ್ ನೋಡಿ ಬರೆದಿಟ್ಟುಕೊಳ್ಳಿ. 1, 2, 3 ಟರ್ಮಿನಲ್‌ಗಳ ನಡುವೆ ಸ್ಕೈಟ್ರೇನ್ ಇದೆ. 4 ದೂರ, ಅದಕ್ಕೆ ಶಟಲ್ ಬಸ್, ಅದಕ್ಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಹೊರಬಂದ ಮೇಲೆ ಕ್ಯಾಬಿನ್ ಬ್ಯಾಗನ್ನು ಲಗೇಜ್ ಇಡುವ ಕೌಂಟರಿಗೆ ಕೊಡಿ. ಒಂದು ಬ್ಯಾಗಿಗೆ ದಿನಕ್ಕೆ ಹತ್ತು ಡಾಲರ್ ದಾಟುತ್ತದೆ. ಏಳು ಕಿಲೋ ಎಳೆದುಕೊಂಡು ದೇವಸ್ಥಾನ, ತೋಟ ಸುತ್ತುವುದಕ್ಕಿಂತ ಇದು ಲೇಸು. ಪಾಸ್‌ಪೋರ್ಟ್, ಔಷಧಿ, ಪವರ್ ಬ್ಯಾಂಕ್ ಮಾತ್ರ ಹೆಗಲ ಚೀಲದಲ್ಲಿ ಉಳಿಯಲಿ. ಬ್ಯಾಗನ್ನು ಹೊರಡುವ ಟರ್ಮಿನಲ್ಲಿನಲ್ಲೇ ಇಡುವುದು ಜಾಣತನ. ಬಂದ ಟರ್ಮಿನಲ್ಲಿನಲ್ಲಿ ಇಟ್ಟು ಕೊನೆಯಲ್ಲಿ ಅಲ್ಲಿಗೂ ಇಲ್ಲಿಗೂ ಓಡಾಡುವವರನ್ನು ದಿನವೂ ನೋಡಬಹುದು.

ಮೆಟ್ರೊ ಮತ್ತು ಕಾರ್ಡು

ಚಾಂಗಿ ಏರ್‌ಪೋರ್ಟ್ ಮೆಟ್ರೊ ನಿಲ್ದಾಣ ಟರ್ಮಿನಲ್ 2 ಮತ್ತು 3ರ ನಡುವೆ ನೆಲದಡಿ ಇದೆ. ಮೊದಲ ರೈಲು ಬೆಳಿಗ್ಗೆ ಐದೂವರೆಗೆ, ಭಾನುವಾರ ಆರರ ಹೊತ್ತಿಗೆ. ಟಿಕೆಟ್ ಕೊಳ್ಳುವ ಗೊಡವೆ ಬೇಡ, ತಾಗಿಸಿ ಹಣ ಕೊಡುವ (ಕಾಂಟ್ಯಾಕ್ಟ್‌ಲೆಸ್) ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಇದ್ದರೆ ಗೇಟಿನಲ್ಲಿ ತಾಗಿಸಿ ಒಳಗೆ, ಇಳಿದಾಗ ತಾಗಿಸಿ ಹೊರಗೆ. ಊರಿಗೆ ಎರಡು ಡಾಲರ್ ಚಿಲ್ಲರೆ. ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 0.60 ಡಾಲರ್ ಹೆಚ್ಚುವರಿ ಹಿಡಿಯುತ್ತಾರೆ.

ನಮ್ಮ ಕಾರ್ಡುಗಳಲ್ಲಿ ಎರಡು ತೊಡಕು. ಭಾರತದ ಬ್ಯಾಂಕುಗಳು ಕೊಡುವ ಕಾರ್ಡಿನಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ 'ಇಂಟರ್‌ನ್ಯಾಷನಲ್' ಮತ್ತು 'ಕಾಂಟ್ಯಾಕ್ಟ್‌ಲೆಸ್' ಎರಡನ್ನೂ ಆನ್ ಮಾಡಬೇಕು, ಅದೂ ಮನೆಯಲ್ಲಿದ್ದಾಗಲೇ. ಅಲ್ಲಿ ಹೋದ ಮೇಲೆ ಒಟಿಪಿ ಬರುವ ಸಿಮ್ ಕೆಲಸ ಮಾಡದಿದ್ದರೆ ಅಲ್ಲಿಗೆ ಮುಗಿಯಿತು. ಎರಡನೆಯದು, ಒಬ್ಬರಿಗೆ ಒಂದು ಕಾರ್ಡು. ಗಂಡ-ಹೆಂಡತಿ ಒಂದೇ ಕಾರ್ಡು ತಾಗಿಸಲು ಆಗುವುದಿಲ್ಲ. ಒಳಗೆ ಹೋಗುವಾಗ ಪ್ಲಾಸ್ಟಿಕ್ ಕಾರ್ಡು, ಹೊರಗೆ ಬರುವಾಗ ಅದೇ ಕಾರ್ಡು ಇರುವ ಫೋನು ತಾಗಿಸಿದರೂ ಯಂತ್ರ ಅದನ್ನು ಬೇರೆ ಕಾರ್ಡೆಂದೇ ಎಣಿಸಿ ಗೇಟು ತೆರೆಯುವುದಿಲ್ಲ. 0.9 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ.

ದಾರಿ ಎರಡು. ಟಾನಾ ಮೇರಾದಲ್ಲಿ ಇಳಿದು ಹಸಿರು ಬಣ್ಣದ ಈಸ್ಟ್-ವೆಸ್ಟ್ ಮಾರ್ಗ ಹಿಡಿದರೆ ಬುಗಿಸ್, ಸಿಟಿ ಹಾಲ್, ರಾಫಲ್ಸ್ ಪ್ಲೇಸ್. ಒಂದೇ ನಿಲ್ದಾಣ ದಾಟಿ ಎಕ್ಸ್‌ಪೊದಲ್ಲಿ ಇಳಿದು ನೀಲಿ ಡೌನ್‌ಟೌನ್ ಮಾರ್ಗ ಹಿಡಿದರೆ ಚೈನಾಟೌನ್, ಬೇಫ್ರಂಟ್, ಲಿಟಲ್ ಇಂಡಿಯಾ, ಬೊಟಾನಿಕ್ ಗಾರ್ಡನ್ಸ್ ಎಲ್ಲ ಒಂದೇ ರೈಲಿನಲ್ಲಿ. ನೀಲಿ ಮಾರ್ಗ ಸುತ್ತುಬಳಸು, ಹತ್ತು-ಹದಿನೈದು ನಿಮಿಷ ಹೆಚ್ಚು. ಆದರೆ ಎಕ್ಸ್‌ಪೊ ಬಿಟ್ಟ ಮೇಲೆ ಬದಲಿಸುವ ತಲೆನೋವಿಲ್ಲ. ವಯಸ್ಸಾದವರೊಂದಿಗೆ ಇದೇ ಒಳ್ಳೆಯದು. ರೈಲಿನೊಳಗೆ ತಿಂದರೆ, ನೀರು ಕುಡಿದರೂ ಸಹ, 500 ಡಾಲರ್‌ವರೆಗೆ ದಂಡ. ಚಕ್ಕುಲಿ ಡಬ್ಬಿ ತೆಗೆಯಬೇಡಿ.

ಮೂರು-ನಾಲ್ಕು ಜನ ಇದ್ದರೆ ಟ್ಯಾಕ್ಸಿಯೂ ದುಬಾರಿಯಲ್ಲ. ನಿಲ್ದಾಣದಿಂದ ಹತ್ತುವಾಗ ಮೀಟರಿನ ಮೇಲೆ 6ರಿಂದ 8 ಡಾಲರ್ ಸೇರುತ್ತದೆ, ಊರಿಗೆ ಒಟ್ಟು 25ರಿಂದ 40. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚು.

ಬೆಳಿಗ್ಗೆ ಇಳಿದವರಿಗೆ: ಲಿಟಲ್ ಇಂಡಿಯಾ, ಆಮೇಲೆ ತೋಟ

ಬೆಳಗಿನ ಆರು-ಏಳಕ್ಕೆ ಸಿಂಗಪುರದ ಅಂಗಡಿ ಮಾಲುಗಳು ಮುಚ್ಚಿರುತ್ತವೆ. ತೆರೆದಿರುವುದು ದೇವಸ್ಥಾನ, ತಿಂಡಿ ಹೋಟೆಲು, ಉದ್ಯಾನ. ಹಾಗಾಗಿ ಯೋಜನೆಯೂ ಅದೇ.

ಲಿಟಲ್ ಇಂಡಿಯಾ ನಿಲ್ದಾಣದಲ್ಲಿ ಇಳಿದು ಟೆಕ್ಕಾ ಸೆಂಟರ್ ಕಡೆಗೆ ಬನ್ನಿ. ನೆಲಮಹಡಿಯ ಒಂದು ಭಾಗ ಮೀನು, ಮಾಂಸ, ತರಕಾರಿ ಮಾರುಕಟ್ಟೆ, ಇನ್ನೊಂದು ಭಾಗ ತಿಂಡಿ ಮಳಿಗೆಗಳು. ಬಾಳೆದಿಂಡು, ನುಗ್ಗೆಕಾಯಿ, ಕರಿಬೇವು ನೋಡಿದರೆ ಯಾವ ಊರಿನಲ್ಲಿದ್ದೇವೆಂದು ಕ್ಷಣ ಮರೆಯುತ್ತದೆ, ಪಕ್ಕದ ಮಳಿಗೆಯ ಚೀನೀ ಅಜ್ಜಿ ತೂಕಕ್ಕೆ ಹಾಕುತ್ತಿರುವ ಕಪ್ಪು ಕೋಳಿ ಕಣ್ಣಿಗೆ ಬೀಳುವವರೆಗೆ. ಕೂತು ತಿನ್ನಬೇಕೆಂದರೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಹತ್ತಿರವೇ ಇದೆ. ಬೆಂಗಳೂರಿನ ನಾಲಗೆಯವರಿಗೆ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಬಳಿ, 2013ರಲ್ಲಿ ಶುರುವಾದ ಎಂಟಿಆರ್ ಶಾಖೆ ಇದೆ. ವಾರದ ರಜೆ ಮತ್ತು ತೆರೆಯುವ ಹೊತ್ತು ನೋಡಿಕೊಂಡು ಹೋಗಿ. ನಾಲ್ಕು ದಿನ ಬಿಟ್ಟರೆ ಮನೆಗೇ ಹೋಗುವವರು ಇಲ್ಲೂ ರವೆ ಇಡ್ಲಿ ತಿನ್ನುವುದು ಯಾಕೆ ಎನ್ನಬಹುದು. ವರ್ಷಗಟ್ಟಲೆ ಮೆಲ್ಬರ್ನಿನಲ್ಲಿದ್ದು ಮರಳುತ್ತಿರುವವರ ಹತ್ತಿರ ಹಾಗೆನ್ನಬೇಡಿ.

ವೀರಮಾಕಾಳಿಯಮ್ಮನ ಗುಡಿಯಿಂದ ಪೆರುಮಾಳ್ ದೇವಸ್ಥಾನದವರೆಗೆ ಸೆರಂಗೂನ್ ರಸ್ತೆಯಲ್ಲೇ ನಡೆದರೆ ಹತ್ತು-ಹದಿನೈದು ನಿಮಿಷ. ಬೆಳಿಗ್ಗೆಯೇ ಮುಗಿಸಿ, ಯಾಕೆಂದರೆ ಹೆಚ್ಚಿನ ಗುಡಿಗಳು ಮಧ್ಯಾಹ್ನ ಹನ್ನೆರಡರ ಆಸುಪಾಸಿನಲ್ಲಿ ಬಾಗಿಲು ಹಾಕಿ ಸಂಜೆಯೇ ತೆರೆಯುತ್ತವೆ.

ಅಲ್ಲಿಂದ ಮತ್ತೆ ಲಿಟಲ್ ಇಂಡಿಯಾ ನಿಲ್ದಾಣಕ್ಕೆ ಬಂದು ನೀಲಿ ಮಾರ್ಗದಲ್ಲೇ ಮೂರು ನಿಲ್ದಾಣ ಮುಂದೆ ಹೋದರೆ ಬೊಟಾನಿಕ್ ಗಾರ್ಡನ್ಸ್. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಉದ್ಯಾನ ಬೆಳಿಗ್ಗೆ 5ರಿಂದ ಮಧ್ಯರಾತ್ರಿವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್, ಅದು ಎಂಟೂವರೆಗೆ ತೆರೆಯುತ್ತದೆ. ನಿಲ್ದಾಣದಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ನಡಿಗೆ. ಮೊಣಕಾಲು ನೋವಿದ್ದವರು ಆ ಲೆಕ್ಕ ಇಟ್ಟುಕೊಂಡೇ ಹೊರಡಲಿ. ಲಾಲ್‌ಬಾಗ್ ಕಂಡವರಿಗೆ ಮರಗಳು ಹೊಸತಲ್ಲ, ಆದರೆ ಮಂಜು ಕಟ್ಟಿದ ಗಾಜಿನ ಮನೆಯ ಆರ್ಕಿಡ್‌ಗಳು ಟಿಕೆಟ್ಟಿನ ಹಣಕ್ಕೆ ಮೋಸ ಮಾಡುವುದಿಲ್ಲ. ಇಲ್ಲಿಂದ ಚಾಂಗಿಗೆ ಒಂದೂಕಾಲು ಗಂಟೆ ಹಿಡಿಯಿರಿ.

ಮಧ್ಯಾಹ್ನ ಇಳಿದವರಿಗೆ: ಮರೀನಾ ಬೇ

ಮಧ್ಯಾಹ್ನ ಎರಡು-ಮೂರಕ್ಕೆ ಇಳಿದು ಮಧ್ಯರಾತ್ರಿಯ ಮೇಲೆ ಹೊರಡುವವರ ಅದೃಷ್ಟವೇ ಅದೃಷ್ಟ. ಸಿಂಗಪುರದ ಅತಿ ಸುಂದರ ಹೊತ್ತು ಅದು, ನೋಡುವುದರಲ್ಲಿ ಮುಕ್ಕಾಲು ಪಾಲು ಬಿಟ್ಟಿ.

ರಾಫಲ್ಸ್ ಪ್ಲೇಸ್‌ನಲ್ಲಿ ಇಳಿದು ನದಿಯತ್ತ ನಡೆದು ಕ್ಯಾವೆನಾ ಸೇತುವೆಯ ಬಳಿಯಿಂದ ಮರ್ಲಯನ್ ಪಾರ್ಕಿಗೆ ಬನ್ನಿ. ಸಿಂಹದ ತಲೆ, ಮೀನಿನ ಮೈಯ 8.6 ಮೀಟರ್ ಎತ್ತರದ ಬಿಳಿ ಮೂರ್ತಿ. ಫೋಟೊಕ್ಕೆ ಹತ್ತು ನಿಮಿಷ ಸಾಕು. ಅಲ್ಲಿಂದ ಜುಬಿಲಿ ಸೇತುವೆ ದಾಟಿ, ದುರಿಯನ್ ಹಣ್ಣಿನ ಸಿಪ್ಪೆಯಂತೆ ಕಾಣುವ ಎಸ್‌ಪ್ಲನೇಡ್ ರಂಗಮಂದಿರದ ಮುಂದೆ ಹಾದು, ನೀರಿನ ಅಂಚಿನಲ್ಲೇ ಹೀಲಿಕ್ಸ್ ಸೇತುವೆ. 280 ಮೀಟರ್ ಉದ್ದ, ನಡೆಯುವವರಿಗೆ ಮಾತ್ರ. ಸೂರ್ಯ ಮುಳುಗುವುದು ವರ್ಷವಿಡೀ ಏಳರ ಸುಮಾರಿಗೆ. ಆ ಹೊತ್ತಿಗೆ ಈ ಸೇತುವೆಯ ಮೇಲಿರುವಂತೆ ಹೆಜ್ಜೆ ಹಾಕಿ.

ಸೇತುವೆ ದಾಟಿದರೆ ಮರೀನಾ ಬೇ ಸ್ಯಾಂಡ್ಸ್. ಮೇಲಿನ ಈಜುಕೊಳ ಹೋಟೆಲಿನಲ್ಲಿ ತಂಗಿದವರಿಗೆ ಮಾತ್ರ, ವೀಕ್ಷಣಾ ಅಟ್ಟಕ್ಕೆ ಟಿಕೆಟ್ ಇದೆ. ಸಮಯ ಕಡಿಮೆ ಇರುವವರು ಬಿಡಬಹುದು. ಕಟ್ಟಡದೊಳಗಿಂದಲೇ ಹಾದು ಹಿಂದಿನ ಗಾರ್ಡನ್ಸ್ ಬೈ ದ ಬೇಗೆ ಬನ್ನಿ. 25ರಿಂದ 50 ಮೀಟರ್ ಎತ್ತರದ ಉಕ್ಕಿನ ಮಹಾವೃಕ್ಷಗಳ ತೋಪಿನಲ್ಲಿ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಬೆಳಕು-ಸಂಗೀತದ ಪ್ರದರ್ಶನ, ಸುಮಾರು ಕಾಲು ಗಂಟೆ, ಉಚಿತ. 7.25ಕ್ಕೇ ಬಂದು ಮರಗಳ ನಟ್ಟನಡುವೆ ಜಾಗ ಹಿಡಿದು, ದುಪಟ್ಟವೋ ಟವೆಲ್ಲೋ ಹಾಸಿ ಅಂಗಾತ ಮಲಗಿ. ನಿಂತು ಫೋನ್ ಹಿಡಿದವರಿಗೆ ಕಾಣುವುದು ಎರಡು ಮರ, ಮಲಗಿದವರಿಗೆ ಇಡೀ ತೋಪು. ಅದು ಮುಗಿದ ಮೇಲೆ ಬಂದ ದಾರಿಯಲ್ಲೇ ಇಪ್ಪತ್ತು ನಿಮಿಷ ನಡೆದರೆ ಸ್ಯಾಂಡ್ಸ್ ಮುಂಭಾಗದ ಕೊಲ್ಲಿಯ ದಡದಲ್ಲಿ ಒಂಬತ್ತಕ್ಕೆ ಕಾರಂಜಿ ಮತ್ತು ಲೇಸರ್ ಪ್ರದರ್ಶನ ಸ್ಪೆಕ್ಟ್ರಾ. ಎಂಟಕ್ಕೂ ಒಂದು ಇದೆ, ಶುಕ್ರವಾರ-ಶನಿವಾರ ಹತ್ತಕ್ಕೂ. ಆಚೆ ದಡದ ಮರ್ಲಯನ್ ಬಳಿ ನಿಂತರೆ ಲೇಸರ್ ಕಾಣುತ್ತದೆ, ಸಂಗೀತವೂ ನೀರಿನ ಪರದೆಯ ಚಿತ್ರಗಳೂ ಸಿಗುವುದಿಲ್ಲ.

ಬೇಫ್ರಂಟ್ ಅಲ್ಲೇ ಇದೆ. 9.20ಕ್ಕೆ ರೈಲು ಹತ್ತಿದರೆ ಹತ್ತೂವರೆಗೆ ಚಾಂಗಿ. ವಿಮಾನ ರಾತ್ರಿ ಹನ್ನೊಂದೂವರೆಗಿದ್ದರೆ 7.45ರ ಪ್ರದರ್ಶನ ಒಂದನ್ನೇ ನೋಡಿ ಎಂಟೂಕಾಲಕ್ಕೆ ಹೊರಟುಬಿಡಿ. ಎರಡನ್ನೂ ನೋಡುತ್ತೇನೆಂದು ಹಟ ಮಾಡಬೇಡಿ.

ಮಳೆ ಇಲ್ಲಿ ಹೇಳಿ ಕೇಳಿ ಬರುವುದಿಲ್ಲ, ಗುಡುಗಿನೊಂದಿಗೆ ಅರ್ಧ-ಮುಕ್ಕಾಲು ಗಂಟೆ ಸುರಿದು ನಿಲ್ಲುತ್ತದೆ. ಮಿಂಚು ಹೆಚ್ಚಾದರೆ ಹೊರಾಂಗಣ ಪ್ರದರ್ಶನ ರದ್ದು. ಆಗ ಅದೇ ಉದ್ಯಾನದ ಎರಡು ಗಾಜಿನ ಗುಮ್ಮಟಗಳಲ್ಲಿ ಒಂದಾದ ಕ್ಲೌಡ್ ಫಾರೆಸ್ಟ್‌ಗೆ ಹೋಗಿ. 35 ಮೀಟರ್ ಜಲಪಾತ, ತಂಪು ಗಾಳಿ. ಟಿಕೆಟ್ ಅಗ್ಗವಲ್ಲ, ತಿಂಗಳಿಗೊಮ್ಮೆ ನಿರ್ವಹಣೆಗೆಂದು ಮುಚ್ಚುವುದೂ ಉಂಟು.

ಸಸ್ಯಾಹಾರಿಗಳಿಗೆ ಎರಡು ಮಾತು

ಹಾಕರ್ ಸೆಂಟರ್ ಎಂದು ಕರೆಯುವ ಬಯಲು ಭೋಜನ ಮಂಟಪಗಳು ಸಿಂಗಪುರದ ಜೀವಾಳ; 2020ರಲ್ಲಿ ಯುನೆಸ್ಕೊ ಮಾನ್ಯತೆಯೂ ಸಿಕ್ಕಿದೆ. ಐದಾರು ಡಾಲರಿಗೆ ಹೊಟ್ಟೆ ತುಂಬುತ್ತದೆ. ಆದರೆ 'ವೆಜಿಟಬಲ್' ಎಂದು ಕೇಳಿದರೆ ತರಕಾರಿ ಇರುವ ತಿನಿಸು ಎಂದಷ್ಟೇ ಅವರು ತಿಳಿಯುತ್ತಾರೆ. ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಒಣ ಸೀಗಡಿಯ ಬೆಲಾಚಾನ್ ಇರುತ್ತದೆ, ಹುರಿದ ಸೊಪ್ಪಿನ ಮೇಲೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ರೋಟಿ ಪ್ರಾಟಾದ (ಅಲ್ಲಿನ ಪರೋಟ) ಜೊತೆ ಕೊಡುವ ಸಾರು ಮೀನಿನದೋ ಮಾಂಸದ್ದೋ ಆಗಿರಬಹುದು, ಅದರ ಬದಲು ಸಕ್ಕರೆ ಕೇಳಿ ಪಡೆಯಿರಿ. ಅನುಮಾನ ಬೇಡವೆಂದರೆ ಊಟವನ್ನು ಲಿಟಲ್ ಇಂಡಿಯಾದಲ್ಲೇ ಮಾಡಿ. ಬೇಫ್ರಂಟ್‌ನಿಂದ ನಾಲ್ಕೇ ನಿಲ್ದಾಣ. ತಿಂದ ಮೇಲೆ ತಟ್ಟೆಯನ್ನು ನೀವೇ ಎತ್ತಿ ಗೂಡಿಗೆ ಇಡಬೇಕು, ಇದು ಕಾನೂನು. ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ ಇದ್ದರೆ ಅದರ ಮೇಲೆ ಶೇ 10 ಸೇವಾ ಶುಲ್ಕ, ಶೇ 9 ಜಿಎಸ್‌ಟಿ ಬೀಳುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ.

ಆರು ಗಂಟೆಯೊಳಗಿದ್ದರೆ, ವೀಸಾ ಇಲ್ಲದಿದ್ದರೆ

ನಿಲುಗಡೆ ಐದೂವರೆ ಗಂಟೆ ಮೀರಿ 24 ಗಂಟೆಯೊಳಗೆ ಇರುವವರಿಗೆ ಚಾಂಗಿ ನಿಲ್ದಾಣವೇ ಎರಡೂವರೆ ಗಂಟೆಯ ಉಚಿತ ಬಸ್ ಪ್ರವಾಸ ನಡೆಸುತ್ತದೆ. ಆನ್‌ಲೈನ್‌ನಲ್ಲಿ ಮುಂಚೆಯೇ ಜಾಗ ಕಾದಿರಿಸಿ, ಇಮಿಗ್ರೇಷನ್ ದಾಟದೆ ಟ್ರಾನ್ಸಿಟ್ ವಲಯದ ಕೌಂಟರಿಗೆ ಹೋಗಬೇಕು. ತಾವಾಗಿಯೇ ಹೊರಗೆ ಬಂದುಬಿಟ್ಟವರಿಗೆ ಪ್ರವೇಶವಿಲ್ಲ. ಇದಕ್ಕೂ ಮೇಲೆ ಹೇಳಿದ ವೀಸಾ ಅರ್ಹತೆ ಬೇಕೇ ಬೇಕು.

ಜುವೆಲ್ ಎಂಬ ಗಾಜಿನ ಕಟ್ಟಡದೊಳಗಿನ 40 ಮೀಟರ್ ಜಲಪಾತ ನೋಡಲೂ ಇಮಿಗ್ರೇಷನ್ ದಾಟಬೇಕು, ಏಕೆಂದರೆ ಅದು ಟ್ರಾನ್ಸಿಟ್ ವಲಯದ ಹೊರಗಿದೆ. ಆದರೆ ಟರ್ಮಿನಲ್ 2 ಮತ್ತು 3ರ ನಡುವಿನ ಸ್ಕೈಟ್ರೇನ್ ಆ ಕಟ್ಟಡದ ಒಳಗಿಂದಲೇ ಹಾದುಹೋಗುತ್ತದೆ. ವೀಸಾ ಇಲ್ಲದವರು ಟ್ರಾನ್ಸಿಟ್ ಬದಿಯ ಬೋಗಿ ಹತ್ತಿ ಒಂದೆರಡು ಬಾರಿ ಹೋಗಿ ಬಂದರೆ ಜಲಪಾತ ಕಂಡಂತೆಯೇ. ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಮುಂಚೆ ನೀರು ಬಿಟ್ಟಿರುವುದಿಲ್ಲ. ಉಳಿದ ಹೊತ್ತಿಗೆ ಟರ್ಮಿನಲ್ 3ರ ಚಿಟ್ಟೆಗಳ ತೋಟವಿದೆ.

ಮಕ್ಕಳ ಮನೆಗೆಂದು ಒಬ್ಬರೇ ಹೊರಟ ಅಪ್ಪ-ಅಮ್ಮಂದಿರಿಗೆ ನಮ್ಮ ಸಲಹೆ: ಎಂಟು ಗಂಟೆಯೊಳಗಿನ ನಿಲುಗಡೆಯಲ್ಲಿ ಹೊರಗೆ ಹೋಗುವುದು ಬೇಡ. ವೀಲ್‌ಚೇರ್ ನೆರವು ಇರುವುದು ಒಂದು ವಿಮಾನದಿಂದ ಇನ್ನೊಂದಕ್ಕೆ ತಲುಪಿಸಲು. ಗಂಟೆ ಲೆಕ್ಕದಲ್ಲಿ ಸಿಗುವ ಟ್ರಾನ್ಸಿಟ್ ಹೋಟೆಲಿನಲ್ಲಿ ಆರು ಗಂಟೆಯ ಕೋಣೆಯನ್ನು ಮಕ್ಕಳೇ ಮುಂಚಿತವಾಗಿ ಮಾಡಿಸಿಕೊಟ್ಟರೆ, ಕಾಲು ಚಾಚಿ ಮಲಗಿದ ಆ ನಿದ್ರೆಯೇ ದೊಡ್ಡ ಉಪಕಾರ.

ವಾಪಸು ಬಂದು ಗೇಟು ಸೇರುವುದು

ಇಮಿಗ್ರೇಷನ್ ಹತ್ತು ನಿಮಿಷದಲ್ಲಿ ಮುಗಿಯಿತೆಂದು ಮೈಮರೆಯುವುದು ಚಾಂಗಿಯಲ್ಲಿ ಸಾಮಾನ್ಯ ತಪ್ಪು. ಟರ್ಮಿನಲ್ 1, 2, 3ರಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವುದು ಇಮಿಗ್ರೇಷನ್ ಬಳಿ ಅಲ್ಲ, ಪ್ರತಿ ಗೇಟಿನ ಬಾಗಿಲಲ್ಲಿ. ದೊಡ್ಡ ವಿಮಾನವಾದರೆ ಮುನ್ನೂರು ಜನ ಅಲ್ಲೇ ಸಾಲು ನಿಲ್ಲುತ್ತಾರೆ. ಹೊರಡುವುದಕ್ಕೆ ಒಂದು ಗಂಟೆ ಮೊದಲು ಗೇಟಿನೆದುರು ಇರಿ. ಸ್ಕ್ಯಾನ್ ಆದ ಮೇಲಿನ ಕೋಣೆಯಲ್ಲಿ ಹೆಚ್ಚಿನ ಕಡೆ ಶೌಚಾಲಯ ಇರುವುದಿಲ್ಲ, ಮೊದಲೇ ಹೋಗಿ ಬನ್ನಿ. 100 ಮಿಲಿಲೀಟರ್ ಮೀರಿದ ದ್ರವ ಅಲ್ಲೇ ಕಸದ ಬುಟ್ಟಿಗೆ ಬೀಳುತ್ತದೆ. ಊರಿನಲ್ಲಿ ಕೊಂಡ ಎಣ್ಣೆ, ಉಪ್ಪಿನಕಾಯಿಯ ಕತೆಯೂ ಅಷ್ಟೇ.

ರಾತ್ರಿ ಹನ್ನೊಂದರ ನಂತರ ಮೆಟ್ರೊ ನಂಬಬೇಡಿ, ಟ್ಯಾಕ್ಸಿ ಹಿಡಿಯಿರಿ. ಹಳಿ ದುರಸ್ತಿಗಾಗಿ ಕೆಲವು ದಿನ ಚಾಂಗಿ ಕಡೆಯ ರೈಲು ನಿಲ್ಲಿಸಿ ಶಟಲ್ ಬಸ್ ಬಿಡುವುದೂ ಉಂಟು, ಬೆಳಿಗ್ಗೆ ಬರುವಾಗಲೇ ನಿಲ್ದಾಣದ ಫಲಕ ಓದಿಕೊಳ್ಳಿ. ವಿಮಾನಕ್ಕೆ ಮೂರು ಗಂಟೆ ಬಾಕಿ ಇದ್ದಾಗ ನೀವೆಲ್ಲೇ ಇರಿ, ಏನೇ ನೋಡುತ್ತಿರಿ, ಚಾಂಗಿಯತ್ತ ತಿರುಗಬೇಕು. ಫೋನಿನಲ್ಲಿ ಆ ಹೊತ್ತಿಗೆ ಅಲಾರಂ ಇಟ್ಟುಕೊಳ್ಳಿ.

ಮುಂದಿನ ಊರು ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಆಗಿದ್ದರೆ ಕೊನೆಯದಾಗಿ ಚೀಲ ಮತ್ತೊಮ್ಮೆ ತೆರೆಯಿರಿ. ಟೆಕ್ಕಾದಲ್ಲಿ ಕೊಂಡ ಹಣ್ಣು, ಪೆರುಮಾಳ್ ಗುಡಿಯಲ್ಲಿ ಕೊಟ್ಟ ಹೂವು, ತುಳಸಿ, ತೆಂಗಿನ ಹೋಳು ಅಲ್ಲಿನ ಜೈವಿಕ ಸುರಕ್ಷತಾ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ನಮೂನೆಯಲ್ಲಿ ಬರೆಯದ ತಪ್ಪಿಗೆ ದಂಡ ಭಾರಿ. ಹಣ್ಣನ್ನು ಗೇಟಿನ ಹೊರಗೇ ತಿಂದು ಮುಗಿಸಿ, ಹೂವನ್ನು ಅಲ್ಲೇ ಬಿಡಿ, ಜೇಬಿನ ಮೂಲೆಯಲ್ಲಿ ಎಸಳೇನಾದರೂ ಉಳಿದಿದೆಯೇ ಎಂದೂ ನೋಡಿ.